ಒಂದು ಬಿಡಿಭಾಗ ಬಾಕಿ ಇರುವ ತನಕ

ನಾಶಿಕ
12 ಆಗಸ್ಟ್ 2011

ಗೋದಾವರೀ ತೀರದ ಹಳೇ ಕಂಪ್ಯೂಟರ್ ಜೀರ್ಣೋದ್ಧಾರ ಸಂಘದ ಘನತೆವೆತ್ತ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಸಭಾಂಗಣದಲ್ಲಿ ಕಿಕ್ಕಿರಿದು ನೆರೆದಿರುವ ಮಹನೀಯರೇ ಮತ್ತು ಮಹಿಳೆಯರೇ,

ಅಧ್ಯಕ್ಷರೆಂದರೆ ನೀವು, ಔರಂಗಾಬಾದಿನ ಪೈಠಣ ಗೇಟ್ ಹತ್ತಿರದ ಟೈಪ್‌ರೈಟರ್ ಹಾಗೂ ಕಂಪ್ಯೂಟರ್ ರಿಪೇರಿ ಅಂಗಡಿಯ ಶರಣಬಸವ ಅಣ್ಣಾವ್ರು. ಕಾರ್ಯದರ್ಶಿಯೆಂದರೆ ನಾನು, ವರ್ಗವಾಗಿ ನಾಶಿಕಕ್ಕೆ ಬಂದು ಬಿದ್ದ ಬ್ಯಾಂಕಿನ ನರಹರಿ. ಗಣ್ಯರು, ಮಹನೀಯರು, ಮಹಿಳೆಯರು ಯಾರೂ ಇಲ್ಲ. ಇದ್ದವರೇ ಇಬ್ಬರು. ಆದರೂ ಭಾಷಣಕ್ಕೆ ನಿಂತವನು ಖಾಲಿ ಕುರ್ಚಿಗೂ ಮರ್ಯಾದೆ ಕೊಡಬೇಕೆಂದು ಧಾರವಾಡದ ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ಔರಂಗಾಬಾದ ಹೇಗೆ ಗೋದಾವರೀ ತೀರವಾಯಿತೆಂದು ಯಾರಾದರೂ ತಕರಾರು ತೆಗೆದರೆ, ನಾಶಿಕದಲ್ಲಿ ಆಕೆ ಊರ ನಡುವೆ ಹರಿಯುತ್ತಾಳೆ, ಔರಂಗಾಬಾದಿನಲ್ಲಿ ಪೈಠಣದ ಡ್ಯಾಮಿನಿಂದ ನಲ್ಲಿಯೊಳಗೆ, ತನಗೆ ಮನಸ್ಸಾದ ದಿನ ಬರುತ್ತಾಳೆ ಎಂದು ಉತ್ತರಿಸತಕ್ಕದ್ದು.

ಇನ್ನು ವಿಷಯ. ಮನ್ಮಾಡಿನ ಶಾಲೆಯೊಂದರ ಉಗ್ರಾಣ ಖಾಲಿ ಮಾಡುವಾಗ ಒಂದು ಬಿಬಿಸಿ ಕಂಪ್ಯೂಟರ್ ನನ್ನ ಕೈಗೆ ಸಿಕ್ಕಿತು. ಎಂಬತ್ತರ ದಶಕದಲ್ಲಿ ಸರಕಾರ ಶಾಲೆಗಳಿಗೆ ಹಂಚಿತ್ತಲ್ಲ, ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಯಂತ್ರ ಇರುವಂಥದ್ದು. ನಿಮ್ಮ ಮನೆಯ ಮಾಡಿಯ ಮೇಲಿನ ಖೋಲಿಯಲ್ಲಿ ಇರುವುದರ ಅಣ್ಣನೋ ತಮ್ಮನೋ. ತೊಳೆದೆ, ಒರೆಸಿದೆ, ಒಣಗಿಸಿದೆ. ಕರೆಂಟ್ ಕೊಟ್ಟ ಕೂಡಲೇ ಪವರ್ ಸಪ್ಲೈ ಒಳಗಿನ ಕೆಪ್ಯಾಸಿಟರ್ ಒಂದು ಟಪ್ಪೆಂದು ಒಡೆದು ಮನೆಯೆಲ್ಲ ಸುಟ್ಟ ಮೀನಿನ ವಾಸನೆ. ಶ್ರಾವಣ ಮಾಸ, ವೈಷ್ಣವರ ಮನೆ. ಮೃದುಲಾ ಅಡಿಗೆಮನೆಯಿಂದ ಬಂದು, "ಇನ್ನ ಇದೊಂದು ಬಾಕಿ ಇತ್ತು ನೋಡ್ರಿ" ಎಂದು ಕಿಟಕಿಗಳನ್ನೆಲ್ಲ ತೆರೆದಳು.

ಹೊಗೆಯೆದ್ದಿತು ಯಂತ್ರದ ಹೊಟ್ಟೆಯಿಂದ,
ಹಗೆಯೆದ್ದಿತು ಹೆಂಡತಿಯ ದಿಟ್ಟಿಯಿಂದ.

ಮಗ ಉತ್ಕರ್ಷನಿಗೆ ಕನ್ನಡ ಕಿವಿಗೆ ಹೋಗುತ್ತದೆ, ಬಾಯಿಂದ ಬರುವುದಿಲ್ಲ. "ಬಾಬಾ, ಭಂಗಾರವಾಲ್ಯಾಲಾ ದ್ಯಾ ನಾ" ಎಂದ. ಗುಜರಿಗೆ ಹೋಗಬೇಕಾದದ್ದನ್ನು ಗುಜರಿಯವನಿಗೇ ಕೊಡು ಅಂತ. ಹದಿನಾರರ ಹುಡುಗ, ತರ್ಕಶುದ್ಧವಾಗಿ ಮಾತಾಡುತ್ತಾನೆ.

ಕೆಪ್ಯಾಸಿಟರ್ ಬದಲಿಸಿದೆ. ಈಗಿನ ರೋಗ ಇದು: ಆರೋಗ್ಯವಂತ ಬಿಬಿಸಿ ಏಳುವಾಗ ಎರಡು ಸಪ್ಪಳ ಮಾಡುತ್ತದೆ, ಮೊದಲೊಂದು ದಪ್ಪ ದನಿ, ಹಿಂದೆಯೇ ಒಂದು ಸಣ್ಣ ದನಿ. ಇದು ದಪ್ಪ ದನಿ ಹಿಡಿದುಕೊಂಡೇ ಕೂಡುತ್ತದೆ, ಸಣ್ಣದು ಬರುವುದೇ ಇಲ್ಲ. 6522 ಚಿಪ್ ಸತ್ತಿದೆ ಎಂದು ನನ್ನ ಗುಮಾನಿ. ಒಂದು ಬೇಕು.

ಸಂಘದ ನಿಯಮದಂತೆ ಭಾಗಕ್ಕೆ ಬದಲು ಭಾಗ, ನಡುವೆ ರೊಕ್ಕ ಬರತಕ್ಕದ್ದಲ್ಲ. ಆದ್ದರಿಂದ ಒಂದು ಫ್ಲಾಪಿ ಡ್ರೈವಿನ ಬೆಲ್ಟ್ ಇಟ್ಟಿದ್ದೇನೆ. ಯಾವ ಭಾಗವೂ ಪತ್ರವಿಲ್ಲದೆ ಒಂಟಿಯಾಗಿ ಎಸ್‌ಟಿ ಬಸ್ಸು ಹತ್ತತಕ್ಕದ್ದಲ್ಲ. ಆದ್ದರಿಂದ ಈ ಪತ್ರ. ಒಬ್ಬನ ಬೇಡಿಕೆ ಬಾಕಿ ಇರುವ ತನಕ ಇನ್ನೊಬ್ಬ ಸಂಘ ಬಿಟ್ಟು ಹೋಗತಕ್ಕದ್ದಲ್ಲ ಎಂಬ ಮೂರನೆಯ ನಿಯಮವನ್ನು ನನಗೆ ವರ್ಗವಾದ ದಿನ ಬಸ್‌ಸ್ಟ್ಯಾಂಡಿನಲ್ಲಿ ನೀವೇ ಮಾಡಿದ್ದು.

ನಿಮ್ಮ ಮಗಳು ವೈಷ್ಣವಿಯ ಮದುವೆಯ ಸಂಬಂಧ ಎಲ್ಲಿಗೆ ಬಂತು? ತಿಳಿಸಿರಿ.

ಇತಿ ತಮ್ಮ ವಿಧೇಯ ಕಾರ್ಯದರ್ಶಿ,
ನರಹರಿ


ಔರಂಗಾಬಾದ
26 ಆಗಸ್ಟ್ 2011

ನರಹರಿ ಸಾಹೇಬ್ರಿಗೆ ಶರಣು.

6522 ಕಳಸೀನಿ. ಕಾಲು ಒಂದೂ ಬಗ್ಗಿಲ್ಲ, ಹಚ್ಚೋಮುಂದ ನೀವೇ ಬಗ್ಗಸಬ್ಯಾಡ್ರಿ. ಚಿಪ್ಪಿನ ತುದಿಗಿ ಕಚ್ಚು ಅದ ನೋಡ್ರಿ, ಅದು ಯಾ ಕಡಿ ಬರ್ಬೇಕಂತ ಎರಡು ಸಲ ನೋಡಿ ಹಚ್ಚರಿ. ಹ್ವಾದ ಸಲ ಉಲ್ಟಾ ಹಚ್ಚಿ ಒಂದು ಸುಟ್ಟೀರಿ, ಆ ಮ್ಯಾಲ ಅದರ ಮ್ಯಾಲ ಪದ್ಯ ಬರದು ಕಳಿಸೀರಿ.

ಅದರ ಜೋಡಿ ಇನ್ನೊಂದು ಡಬ್ಬಿ ಅದ. ಮೆಮರಿ ಚಿಪ್, ಸಾಕೆಟ್, ಹಳೇ ಕೀಲಿಗಳು. ನೀವು ಕೇಳಿಲ್ಲ, ಖರೆ. ಇಟ್ಟುಗೋರಿ. ಬದಲಿಗಿ ಏನೂ ಕಳಸಬ್ಯಾಡ್ರಿ. ನಿಮ್ಮ ಬೆಲ್ಟ್ ವಾಪಸ್ ಹಾಕೀನಿ, ನನಗ ಬ್ಯಾಡ ಅದು.

ವೈಷ್ಣವಿ ಲಗ್ನ ಠರಾಯಿಸ್ಯಾದ. ಪೈಠಣದವ್ರು. ಹುಡುಗನ ಹೆಸರು ಅರವಿಂದ, ಡ್ಯಾಮಿನ ಆಫೀಸ್‌ದಾಗ ಇಂಜಿನಿಯರ್. ಛಲೋ ಹುಡುಗ, ಕಡಿಮಿ ಮಾತಾಡ್ತಾನ. ಫೆಬ್ರುವರಿದಾಗ ಲಗ್ನ. ಮಂದಿ ಬರ್ತಾರ, ಮಾಡಿ ಮ್ಯಾಲಿನ ಖೋಲಿ ಖಾಲಿ ಮಾಡ್ಬೇಕು. ಅದಕ್ಕ ಸಾಮಾನ ಹಂಚ್ಲಾಕತ್ತೀನಿ.

ಬಾಕಿ ಠೀಕ್.

ಶರಣಬಸವ


ನಾಶಿಕ
17 ಸೆಪ್ಟೆಂಬರ್ 2011

ಮಾನ್ಯ ಅಧ್ಯಕ್ಷರೇ, ಗಣ್ಯರೇ, ಹಾಗೂ ಹಿಂದಿನ ಸಾಲಿನಲ್ಲಿ ನಿದ್ದೆ ಮಾಡುತ್ತಿರುವ ಮಹನೀಯರೇ,

ಮೊದಲು ಅಭಿನಂದನೆ. ಕಡಿಮೆ ಮಾತಾಡುವ ಅಳಿಯ ಕಡಿಮೆ ಮಾತಾಡುವ ಮಾವನ ಮನೆಗೆ ಬರುತ್ತಿದ್ದಾನೆ. ಹಬ್ಬದ ದಿನ ಇಬ್ಬರೂ ಎದುರುಬದುರು ಕುಳಿತು ಗೋಡೆ ನೋಡುವುದನ್ನು ನಾನು ಕಣ್ಣಾರೆ ನೋಡಬೇಕು.

ಈಗ ತಕರಾರು. ಕಳೆದ ವಾರ ನಿಮ್ಮಿಂದ ಮತ್ತೊಂದು ಡಬ್ಬಿ ಬಂತು, ಪತ್ರವಿಲ್ಲದೆ. ಬಸ್‌ಸ್ಟ್ಯಾಂಡಿನ ಪಾರ್ಸಲ್ ಕೌಂಟರಿನಲ್ಲಿ ನಿಂತೇ ಬಿಚ್ಚಿದೆ. ಚೀಟಿ ಎಲ್ಲಾದರೂ ಹುದುಗಿರಬಹುದೆಂದು ಒಳಗಿನ ರದ್ದಿ ಕಾಗದಗಳನ್ನೆಲ್ಲ ಬಿಡಿಸಿ ನೋಡಿದೆ. ಕೌಂಟರಿನವನು, "ಕಾಯ್ ಹರವಲಂ ಸಾಹೇಬ?" ಎಂದು ಕೇಳಿದ. ಏನು ಕಳೆಯಿತು ಎಂದು. ಕಾಗದಗಳನ್ನು ಇನ್ನೊಮ್ಮೆ ಮೊದಲಿನಿಂದ ಬಿಡಿಸಿ ನೋಡಿದೆ.

ಒಳಗಿದ್ದದ್ದು ನಿಮ್ಮ ಸೋಲ್ಡರಿಂಗ್ ಐರನ್. ಕಟ್ಟಿಗೆಯ ಹಿಡಿಕೆಯದು, ನಿಮ್ಮ ಹೆಬ್ಬೆರಳು ತಾಗಿ ತಾಗಿ ಒಂದು ಕಡೆ ತಗ್ಗು ಬಿದ್ದದ್ದು. ಔರಂಗಾಬಾದಿನಲ್ಲಿ ಇದ್ದಷ್ಟು ವರ್ಷ ಅದನ್ನು ಮುಟ್ಟಗೊಡಲಿಲ್ಲ ನೀವು. "ಇದು ನನ್ನ ಕೈ ಇದ್ದಂಗ, ಯಾರಾರ ಕೈ ಎರವಲು ಕೊಡ್ತಾರೇನ್ರಿ?" ಅಂದಿದ್ದಿರಿ.

ಲಗ್ನದ ಮಂದಿಗೆ ಖೋಲಿ ಖಾಲಿ ಮಾಡಬೇಕು, ಒಪ್ಪಿದೆ. ಒಂದು ಸೋಲ್ಡರಿಂಗ್ ಐರನ್ ಎಷ್ಟು ಜಾಗ ತಿನ್ನುತ್ತದೆ ಅಣ್ಣಾ?

ಫೋನ್ ಹಚ್ಚಿದೆ. ನಿಮ್ಮ ಮನೆಯವರು, ಸಂಗಮ್ಮ ವೈನಿ, ತೀರಿಕೊಂಡ ಮೇಲೆ ನೀವು ಫೋನ್ ಎತ್ತುವುದಿಲ್ಲ ಎಂದು ಗೊತ್ತಿದ್ದೂ ಹಚ್ಚಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು.

ಇರಲಿ. ಯಂತ್ರದ ವಿಷಯ. ನಿಮ್ಮ 6522 ಹಚ್ಚಿದೆ, ಕಚ್ಚು ಎರಡು ಸಲ ನೋಡಿಯೇ ಹಚ್ಚಿದೆ. ಈಗ ಎರಡೂ ಸಪ್ಪಳ ಬರುತ್ತವೆ. ಆದರೆ ತೆರೆಯ ಮೇಲೆ ಅಕ್ಷರ ನಿಲ್ಲುವುದಿಲ್ಲ, ಹರಿದಾಡುತ್ತವೆ. ಚಿತ್ರ ಮೂಡಿಸುವ ಆ ವಿಡಿಯೋ ಚಿಪ್ ಹೋಗಿದೆ ಎಂದು ಕಾಣುತ್ತದೆ. ಅದೊಂದು ಹುಡುಕಬೇಕು. ಬೇಡಿಕೆ ಬಾಕಿ ಎಂದು ಬರೆದುಕೊಳ್ಳಿರಿ.

ಅಕ್ಷರ ಓಡುತಿವೆ ತೆರೆಯ ಮೇಲೆ,
ಅಧ್ಯಕ್ಷರು ಮೌನ, ಇದೆಂಥ ಲೀಲೆ?

ಪ್ರಾಸ ಕುಂಟುತ್ತಿದೆ, ಕ್ಷಮೆ ಇರಲಿ.

ನರಹರಿ


ಔರಂಗಾಬಾದ
3 ಅಕ್ಟೋಬರ್ 2011

ಸಾಹೇಬ್ರ,

ವಿಡಿಯೋ ಚಿಪ್ ಬಜಾರದಾಗ ಸಿಗಲಿಲ್ಲ. ಶಹಾಗಂಜ್‌ದಾಗ ಎಲ್ಲಾ ದುಕಾನ ನೋಡ್ದೆ. ಅದಕ್ಕ ನಂದೇ ಯಂತ್ರ ಬಿಚ್ಚಿ ಅದರೊಳಗಿಂದ ತಗದು ಕಳಸೀನಿ. ಗರಮ್ ಆಗ್ತದ ಅದು, ಮ್ಯಾಲ ಅಲ್ಯುಮಿನಿಯಂ ಪಟ್ಟಿ ಇಡ್ರಿ.

ನಂದು ಬಂದ್ ಬಿದ್ರ ನಡೀತದ. ಅದು ಏಳೋಮುಂದ ಸಪ್ಪಳ ಮಾಡಿದ್ರ ಸಂಗಮ್ಮ ಕೆಳಗ ಕುಂತು "ಎದ್ದಿತು ನಿಮ್ಮ ಕೂಸು" ಅಂತಿದ್ಳು. ಈಗ ಅನ್ನೋರಿಲ್ಲ. ಎದ್ದು ಏನು ಮಾಡ್ತದ.

ಐರನ್ ಸಲುವಾಗಿ ಕೇಳೀರಿ. ಅಂಗಡಿ ಬಂದ್ ಮಾಡೀನಿ, ಗಣಪತಿ ಹಬ್ಬದ ಮ್ಯಾಲ ತಗದಿಲ್ಲ. ಕೆಲಸ ಮಾಡೋ ಕೈಯಾಗ ಇರ್ಲಿ ಅಂತ ಕಳಿಸ್ದೆ. ಇದರಾಗ ಕೇಳೋದೇನದ.

ಶರಣಬಸವ


ಔರಂಗಾಬಾದ
18 ಅಕ್ಟೋಬರ್ 2011

ನರಹರಿ ಕಾಕಾ ಅವರಿಗೆ ನಮಸ್ಕಾರ. ನಾನು ವೈಷ್ಣವಿ.

ನನ್ನ ಕನ್ನಡ ಚುಕ್ ಇದ್ರ ಮಾಫ್ ಮಾಡ್ರಿ. ನೀವು ಇಲ್ಲಿ ಇದ್ದಾಗ ಆಯ್ತವಾರ ಆಯ್ತವಾರ ಕಲಿಸಿದ ಅಕ್ಷರ ಇವು. ಫೋನ್‌ದಾಗ ಹೇಳ್ಲಾಕ ಬರಂಗಿಲ್ಲ, ಅಪ್ಪಾ ಬಾಜೂಕೇ ಇರ್ತಾರ. ಮನ್ಯಾಗ ಸಪ್ಪಳ ಇಲ್ಲ, ಎಲ್ಲಾ ಕೇಳಿಸ್ತದ.

ಅಪ್ಪಾ ನಿಮಗ ಲಗ್ನದ ಮಂದಿ ಸಲುವಾಗಿ ಖೋಲಿ ಖಾಲಿ ಮಾಡ್ತೀನಿ ಅಂದಾರಂತ. ಕಾಕಾ, ನಮ್ಮ ಮನ್ಯಾಗ ಯಾರೂ ಇಳ್ಕೊಳ್ಳಂಗಿಲ್ಲ. ಲಗ್ನ ಪೈಠಣದಾಗ ಅದ. ಬೀದರಿನ ಮಂದಿ ಎಲ್ಲಾ ಸೀದಾ ಅಲ್ಲೇ ಬರ್ತಾರ. ಖೋಲಿ ಈಗ ಪೂರಾ ಖಾಲಿ ಅದ. ಅಪ್ಪಾ ಅದರಾಗ ಸುಮ್ಮ ಕುಂಡ್ರತಾರ.

ಅವ್ವಂದು ಫೋಟೋ ಗ್ವಾಡಿ ಮ್ಯಾಲಿಂದ ತಗದು ನನ್ನ ಬ್ಯಾಗಿನ್ಯಾಗ ಇಟ್ರು. ನಿಮಗ ಬ್ಯಾಡೇನು ಅಂತ ಕೇಳಿದ್ರ, ನನಗ ಇನ್ನ ಯಾಕ ಬೇಕು ಅಂದ್ರು. ನಿನ್ನ ಲಗ್ನ ಒಂದು ಆತಂದ್ರ ನಾ ಮೋಕಳಾ ಆದೆ, ನನಗ ಬಿಡುಗಡಿ ನೋಡು ಅಂದ್ರು. ಮೋಕಳಾ ಆಗಿ ಎಲ್ಲಿ ಹೋಗ್ತೀರಿ ಅಂತ ಕೇಳ್ಬೇಕಂದೆ. ನನಗ ಧೈರ್ಯ ಆಗ್ಲಿಲ್ಲ. ಅರವಿಂದ ಡಾಕ್ಟರ್ ಕಡೆ ಹೋಗೋಣ ಅಂದ. ಅಪ್ಪಾ ನಕ್ರು, ನನಗೇನಾಗ್ಯಾದ ಅಂದ್ರು. ಆ ನಗು ನೋಡಿ ಭಾಳ ಭೀತಿ ಆತು.

ನಿಮ್ಮ ಚೀಟಿ ಬಂದ್ರ ಮಾತ್ರ ಅಂಗಿ ಹಾಕ್ಕೊಂಡು ಹೊರಗ ಬೀಳ್ತಾರ. ಊರೆಲ್ಲಾ ಹುಡುಕ್ತಾರ. ಬಂದು ಊಟ ಮಾಡ್ತಾರ, ಯಾವ ದುಕಾನದಾಂವ ಏನಂದ ಅಂತ ಹೇಳ್ತಾರ. ಪಾರ್ಸಲ್ ಕಳಿಸಿದ ಮರುದಿವ್ಸ ಮತ್ತ ಹಂಗೇ.

ಕಾಕಾ, ನಿಮ್ಮ ಯಂತ್ರ ಜಲ್ದಿ ರಿಪೇರಿ ಮಾಡಬ್ಯಾಡ್ರಿ.

ನೀವು ಬರಬ್ಯಾಡ್ರಿ. ಬಂದ್ರ ನಾ ಬರದೀನಂತ ಅವ್ರಿಗೆ ತಿಳೀತದ.

ನಿಮ್ಮ
ವೈಷ್ಣವಿ


ನಾಶಿಕ
22 ಅಕ್ಟೋಬರ್ 2011

ಚಿ. ವೈಷ್ಣವಿಗೆ ಆಶೀರ್ವಾದ.

ನಿನ್ನ ಕನ್ನಡದಲ್ಲಿ ಒಂದೂ ತಪ್ಪಿಲ್ಲ ಮಗಳೇ. ನನಗೆ ಬೇಕಾದ್ದಕ್ಕಿಂತ ಹೆಚ್ಚೇ ತಿಳಿಯಿತು.

ಈ ಪತ್ರವನ್ನು ಅರವಿಂದನ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ, ನಿನಗೆ ಅವನೇ ತಲುಪಿಸುತ್ತಾನೆ. ಅವನಿಗೆ ಎಲ್ಲವನ್ನೂ ಹೇಳು. ನೀನು ಕಾಲೇಜಿಗೆ ಹೋಗುವ ಹೊತ್ತಿನಲ್ಲಿ ಮನೆಯಲ್ಲಿ ಯಾರಾದರೂ ಇರುವಂತೆ ನೋಡಿಕೊಳ್ಳಿರಿ. ಪೈಠಣದ ಬೀಗರು ಸೀರೆ ತೋರಿಸುವ ನೆಪ ಮಾಡಿ ಬರಲಿ, ಊಟದ ಲೆಕ್ಕ ಕೇಳುವ ನೆಪ ಮಾಡಿ ಬರಲಿ. ಡಾಕ್ಟರ ವಿಷಯ ಒಮ್ಮೆ ನಕ್ಕರೆಂದು ಬಿಡಬೇಡ, ಮತ್ತೆ ಮತ್ತೆ ಕೇಳು. ಪತ್ರ ಓದಿ ಮೃದುಲಾ ಕಾಕೂ ಊಟ ಬಿಟ್ಟು ಎದ್ದಳು. "ನೀವು ಹೋಗಿ ಬರಬಾರದೇನ್ರಿ?" ಎಂದಳು. ನೀನೇ ಬರಬೇಡ ಎಂದಿದ್ದೀ ಎಂದು ತೋರಿಸಿದೆ.

ನಾನು ಕೇಳುತ್ತಲೇ ಇರುತ್ತೇನೆ. ಈ ಯಂತ್ರದಲ್ಲಿ ನೂರಾರು ಭಾಗಗಳಿವೆ. ಹೆದರಬೇಡ.

ನಿನ್ನ ಕಾಕಾ,
ನರಹರಿ


ನಾಶಿಕ
12 ನವೆಂಬರ್ 2011

ಸಂಘದ ಮಾನ್ಯ ಅಧ್ಯಕ್ಷರೇ, ಗಣ್ಯರೇ,

ಚಿಪ್ ಮುಟ್ಟಿತು. ಅಕ್ಷರ ನಿಂತವು. ಇದಕ್ಕಾಗಿ ನಿಮ್ಮ ಯಂತ್ರದ ಕಣ್ಣು ಕಿತ್ತು ಕೊಟ್ಟಿರಿ ಎಂದು ಗೊತ್ತಾದಾಗ ಸಭೆ ಎದ್ದು ನಿಂತು ಕೈಮುಗಿಯಿತು.

ಸಭೆ ಮುಂದುವರಿದಿದೆ. ಈಗ ದೊಡ್ಡ ಬೇಡಿಕೆ. ಶಾಲೆಯವರ ಫ್ಲಾಪಿಗಳು ಸಿಕ್ಕಿವೆ, ಓದಬೇಕು. ಫ್ಲಾಪಿ ಓಡಿಸುವ 8271 ಚಿಪ್ ಬೇಕು. ಮಾಡಿದವರೇ ಅದನ್ನು ಮಾಡುವುದು ಬಿಟ್ಟು ಎಷ್ಟೋ ಕಾಲವಾಯಿತು. ಮುಂಬೈಯಲ್ಲಿ ವಿಚಾರಿಸಿದೆ, "ಕೋಣಾಚಾ ಆಜೋಬಾ ಆಹೇ ಹಾ?" ಎಂದರು, ಯಾರ ಅಜ್ಜನಪ್ಪಾ ಇವನು ಎಂದು. ನಿಮ್ಮ ಹೊರತು ಇದನ್ನು ಹುಡುಕುವವರು ಇಲ್ಲ.

ಅವಸರ ಏನೂ ಇಲ್ಲ. ಜಾಲನಾ, ಬೀಡ್, ಪರಭಣಿ, ಎಲ್ಲ ಕಡೆ ನಿಧಾನವಾಗಿ ನೋಡಿರಿ. ಲಗ್ನದ ಗಡಿಬಿಡಿಯಲ್ಲಿ ಆಗದಿದ್ದರೆ ಮಾರ್ಚ್ ಆದರೂ ಸರಿ, ಯುಗಾದಿ ದಾಟಿದರೂ ಸರಿ. ಮುಂದಿನ ದೀಪಾವಳಿಗೆ ಸಿಕ್ಕರೂ ನನ್ನ ಅಭ್ಯಂತರವಿಲ್ಲ. ಬೇಡಿಕೆ ಬಾಕಿ ಇದೆ ಎಂಬುದೊಂದು ನಿಮ್ಮ ನೆನಪಿನಲ್ಲಿ ಇರಲಿ.

ಹೊತ್ತಿಗೆ ಸರಿಯಾಗಿ ಉಣ್ಣಿರಿ ಅಣ್ಣಾ,
ಹುಡುಕುವವನ ಮೈ ಇರಲಿ ಗಟ್ಟಿ, ಬಣ್ಣ

ಮುಂದಿನ ಸಾಲು ಹೊಳೆಯಲಿಲ್ಲ.

ನರಹರಿ


ಔರಂಗಾಬಾದ
8 ಡಿಸೆಂಬರ್ 2011

ನರಹರಿ ಸಾಹೇಬ್ರಿಗೆ ಶರಣು.

8271 ಸಿಕ್ತು. ಎಲ್ಲಿ ಅಂತ ಕೇಳ್ರಿ.

ಜಾಲನಾದಾಗ ಒಂದು ಹಳೇ ಗೋದಾಮು. ಮುಂದ ಕುರ್ಚಿ ಹಾಕ್ಕೊಂಡು ವಾಚ್‌ಮನ್. ಮಾತು ಕೇಳಿದ ಕೂಡ್ಲೇ ನಮ್ಮ ಭಾಲ್ಕಿ ಕಡಿಯಂವ ಅಂತ ಗೊತ್ತಾತು. ನಿಂಗಣ್ಣ ಅಂತ. ಒಳಗ ಹೊಕ್ಕು ಹಳೇ ಕಂಪ್ಯೂಟರಿನ ಗುಂಪಿ ತಗದು ನೋಡ್ಲಾಕತ್ತೆ. ಅಂವ ಬಾಗಲದಾಗ ನಿಂತು, "ಏನು ಬಂಗಾರ ಹುಡುಕ್ಲಾಕತ್ತೀರೇನ್ರಿ ಅಣ್ಣಾ?" ಅಂದ. "ಬಂಗಾರ ಸರಾಫ್ ಕಟ್ಟಿಗಿ ಹ್ವಾದ್ರ ಸಿಗ್ತದಪಾ, ಇದು ಸಿಗಂಗಿಲ್ಲ" ಅಂದೆ. "ಹಂಗಾರ ಸಿಕ್ಕ ಮ್ಯಾಲ ನನಗ ತೋರಸ್ರಿ" ಅಂದ. ಸಿಕ್ಕ ಮ್ಯಾಲ ತೋರಿಸ್ದೆ. ತಿರುವಿ ಮುರುವಿ ನೋಡಿ, "ಇದು ಜಿರಳಿ ಇದ್ದಂಗ ಅದಲ್ರಿ" ಅಂದ. ಇಬ್ಬರೂ ಚಾ ಕುಡದ್ವಿ. ನಕ್ಕು ನಕ್ಕು ಸಾಕಾತು. ಭಾಳ ದಿವ್ಸಾಗಿತ್ತು.

ವೈಷ್ಣವಿ ಅತ್ತಿ ಮನಿಯವ್ರು ದಿನಾ ಯಾರಾರ ಬರ್ಲಾಕತ್ತಾರ. ಪೈಠಣಿ ಸೀರಿ ತೋರಿಸ್ತಾರ, ಕೆಂಪು ಬೇಕೋ ಹಸರು ಬೇಕೋ ಅಂತ ನನಗ ಕೇಳ್ತಾರ. ನನಗೇನು ಗೊತ್ತು. ಸಂಗಮ್ಮ ಇದ್ರ ಹೇಳ್ತಿದ್ಳು.

ಚಿಪ್ಪಿನ ಜೋಡಿ ನನ್ನ ಭೂತಗನ್ನಡಿ ಸುದ್ದಾ ಹಾಕೀನಿ. ಇದರ ಮ್ಯಾಲ ನನಗ ನೋಡ್ಲಾಕ ಏನೂ ಇಲ್ಲ.

ನಿಮ್ಮದು ಯಂತ್ರ ಈಗ ಪೂರಾ ಆತು. ನನ್ನ ಕಡೀಂದ ನಿಮಗ ಬರೋದು ಏನೂ ಬಾಕಿ ಉಳೀಲಿಲ್ಲ. ಮನಸ್ಸು ಹಗೂರ ಆಗ್ಯಾದ.

ಶರಣಬಸವ


ನಾಶಿಕ
13 ಡಿಸೆಂಬರ್ 2011

ಅಧ್ಯಕ್ಷರೇ,

ಬಾಕಿ ಉಳಿಯಲಿಲ್ಲ ಎಂದು ಹೇಗೆ ಬರೆದಿರಿ? ಬಾಕಿ ಇದೆ. ಯಂತ್ರ ಪೂರಾ ಆಗಿಲ್ಲ. ದೊಡ್ಡದೊಂದು ಬಾಕಿ ಇದೆ, ಹೇಳುವುದು ಮರೆತಿದ್ದೆ.

ತಾರೀಖು ನಿಲ್ಲುತ್ತಿಲ್ಲ. ಬೆಳಿಗ್ಗೆ ಹಚ್ಚಿದರೆ ನಿನ್ನೆಯ ತಾರೀಖು, ವೇಳೆ ಎರಡನ್ನೂ ಮರೆತಿರುತ್ತದೆ. ಗಡಿಯಾರ ಕಾಯುವ ಬ್ಯಾಟರಿ ಸತ್ತಿದೆ. ಅದರ ಅಳತೆಯ ಬ್ಯಾಟರಿ ಇಲ್ಲಿ ಸಿಗುವುದಿಲ್ಲ. ನಾಶಿಕದಲ್ಲಿ ಎಲ್ಲ ನೋಡಿದೆ, ಪಕ್ಕದ ಓಝರಿನಲ್ಲಿ ಕೂಡ ವಿಚಾರಿಸಿದೆ. ಹಳೆಯದೇ ಬೇಕು. ನಿಮಗೇ ಸಿಗಬೇಕು. ವೇಳೆ ಹಿಡಿಯುತ್ತದೆ ಎಂದು ಗೊತ್ತು, ಹಿಡಿಯಲಿ, ಎಷ್ಟು ಬೇಕಾದರೂ ಹಿಡಿಯಲಿ.

ಭೂತಗನ್ನಡಿ ವಾಪಸ್ ಕಳಿಸಿದ್ದೇನೆ. ಹುಡುಕುವವನಿಗೆ ಅದು ಬೇಕಾಗುತ್ತದೆ.

ಹಸಿರು ಪೈಠಣಿ ತೆಗೆದುಕೊಳ್ಳಿರಿ. ಮೃದುಲಾ ಹೇಳಿದ್ದು.

ಬೇಡಿಕೆ ಬಾಕಿ ಎಂದು ಬರೆದುಕೊಳ್ಳಿರಿ. ದಯವಿಟ್ಟು ಬರೆದುಕೊಳ್ಳಿರಿ.

ನರಹರಿ


ಔರಂಗಾಬಾದ
4 ಜನವರಿ 2012

ನರಹರಿಯವ್ರಿಗೆ,

ಬ್ಯಾಟರಿ ಹುಡುಕ್ಲಾಕ ಹೊಂಟಿದ್ದೆ. ಚಪ್ಪಲಿ ಹಾಕ್ಕೊಳ್ಳೋಮುಂದ ವಿಚಾರ ಬಂತು. ವಾಪಸ್ ಬಂದು ಕುಂತೆ.

ಬಿಬಿಸಿದಾಗ ಗಡಿಯಾರ ಇಲ್ಲ. ಬ್ಯಾಟರಿ ಇಡ್ಲಾಕ ಜಾಗಾನೇ ಇಲ್ಲ. ತಾರೀಖು ಅಂದ್ರ ಏನಂತ ಆ ಯಂತ್ರಕ್ಕ ಗೊತ್ತಿಲ್ಲ. ಗೊತ್ತೇ ಇಲ್ಲದ್ದು ಮರೀತದ ಹ್ಯಾಂಗ? ಇದು ಹೊಸದಾಗಿ ಕಲೀಲಾಕ ಬಂದಾಂವ ಕೇಳಿದ್ರ ನಕ್ಕು ಬಿಡ್ತಿದ್ದೆ. ನೀವು ಆ ಯಂತ್ರದ ನಕ್ಷೆ ಗ್ವಾಡಿಗಿ ಹಚ್ಚಿ ಇಟ್ಟೋರು.

ಆ ಮ್ಯಾಲ ಕುಂತು ಹಿಂದಿಂದೆಲ್ಲಾ ನೋಡ್ದೆ. ಅಕ್ಷರ ಹರದಾಡತಾವ ಅಂದ್ರಿ. ವಿಡಿಯೋ ಚಿಪ್ ಹ್ವಾದ್ರ ಅಕ್ಷರ ಹರದಾಡಂಗಿಲ್ಲ, ಬಣ್ಣ ಹೋಗ್ತದ, ಇಲ್ಲಂದ್ರ ತೆರಿ ಕರ್ರಗ ಆಗ್ತದ. ಆವಾಗ್ಲೇ ನನಗ ಹೊಳೀಬೇಕಾಗಿತ್ತು. ನೀವು ಕೇಳೀರಂತ ವಿಚಾರ ಮಾಡ್ಲಿಲ್ಲ. ನಂದು ಯಂತ್ರ ಬಿಚ್ಚಿದೆ. ಸಂಗಮ್ಮ ಹಿಟ್ಟಿನ ಕೈಲೆ ಮುಟ್ಟಿ ನನ್ನ ಕೂಡ ಬೈಸ್ಕೊಂಡ ಯಂತ್ರ ಅದು.

ವೈಷ್ಣವಿಗಿ ಕೇಳ್ದೆ. ಅಕಿ ಅಳ್ತಾ ಕುಂತ್ಳು. ಅಂದ್ರ ಇಬ್ಬರೂ ಕೂಡಿ ನನಗ ಸಣ್ಣ ಪೋರನಂಗ ಆಡ್ಸೀರಿ. ಜಾಲನಾದ ಧೂಳಿನ್ಯಾಗ ಮಣಕಾಲೂರಿ ಹುಡುಕಿದ್ದು ಯಾರಿಗೂ ಬ್ಯಾಡಾಗಿತ್ತು. ನನಗ ಅನ್ನಿಸಿತ್ತು, ಒಬ್ಬರಿಗಾರ ನಾ ಕೆಲಸಕ್ಕ ಬರ್ತೀನಿ ಅಂತ.

ಸಂಘ ಇಲ್ಲಿಗಿ ಮುಗೀತು. ಲಗ್ನಕ್ಕ ಬರ್ರಿ, ಪೋರಿಗಿ ಅಕ್ಷತಾ ಹಾಕ್ರಿ. ಆ ಮ್ಯಾಲ ನನಗ ಬರೀಬ್ಯಾಡ್ರಿ. ಬರದ್ರ ಟಪಾಲಿನಂವಗ ಬಾಗ್ಲ ತಗ್ಯೋರು ಇರಂಗಿಲ್ಲ.

ಶರಣಬಸವ


ಬಸ್ಸಿನಲ್ಲಿ, ಯೇವಲಾದ ಹತ್ತಿರ
6 ಜನವರಿ 2012

ಶರಣಬಸವ ಅಣ್ಣಾ,

ಅಕ್ಷರ ಕುಣಿಯುತ್ತಿವೆ, ರಸ್ತೆ ಹಾಗಿದೆ. ಬಾಯಿಂದ ಹೇಳಲು ಕುಳಿತರೆ ನಾನು ಎರಡನೆಯ ಮಾತಿಗೆ ನಗೆಚಾಟಿಕೆ ಮಾಡಿಬಿಡುತ್ತೇನೆ. ಅದಕ್ಕೆ ಬರೆದುಕೊಂಡು ಬರುತ್ತಿದ್ದೇನೆ. ನಿನ್ನೆ ನಿಮ್ಮ ಪತ್ರ ಬಂತು. ಕೊನೆಯ ಸಾಲನ್ನು ಮೃದುಲಾಗೆ ಓದಿ ಹೇಳಲು ಹೋದೆ. ಅವಳೇ ಕಸಿದುಕೊಂಡು ಓದಿದಳು. ಓದಿ ನನ್ನ ಚೀಲ ತಂದು ಬಾಗಿಲಲ್ಲಿ ಇಟ್ಟಳು. ಆಗಲೇ ಅರವಿಂದನಿಗೆ ಫೋನ್ ಮಾಡಿ ಹೇಳಿದೆ. ನಿನ್ನೆಯಿಂದ ಅವನು ನಿಮ್ಮ ಮನೆ ಬಿಟ್ಟು ಕದಲದಿರುವುದು ಲಗ್ನಪತ್ರಿಕೆ ಹಂಚುವ ಸಲುವಾಗಿ ಅಲ್ಲ, ನಾನು ಹೇಳಿದ್ದಕ್ಕೆ. ನನ್ನ ಬಸ್ಸು ಮುಟ್ಟುವ ತನಕ ಅವನು ಅಲ್ಲೇ ಇರುತ್ತಾನೆ.

ನೀವು ಕಳಿಸಿದ 6522 ಹಚ್ಚಿದ ದಿನವೇ ಯಂತ್ರ ಎದ್ದಿತು. ಗಣಪತಿ ಹಬ್ಬದ ಹಿಂದಿನ ದಿನ. ಎರಡೂ ಸಪ್ಪಳ ಬಂದವು, ಅಕ್ಷರ ಗಟ್ಟಿಯಾಗಿ ನಿಂತವು. ಅದರ ನಂತರ ಕೇಳಿದ್ದೆಲ್ಲ ಸುಳ್ಳು. ನಿಮ್ಮ ವಿಡಿಯೋ ಚಿಪ್ಪಿನ ಡಬ್ಬಿ ಬಿಚ್ಚಲು ಕೂಡ ನನ್ನಿಂದ ಆಗಲಿಲ್ಲ. ವೈಷ್ಣವಿಯನ್ನು ಬೈಯಬೇಡಿ. ಅವಳು ನನಗೆ ಬರೆದದ್ದು ಅಕ್ಟೋಬರದಲ್ಲಿ. ನಾನು ಸುಳ್ಳು ಶುರುಮಾಡಿದ್ದು ಅದಕ್ಕೂ ಮೊದಲು, ನಿಮ್ಮ ಐರನ್ ಪತ್ರವಿಲ್ಲದೆ ಬಂದ ದಿನ. ಪಾರ್ಸಲ್ ಕೌಂಟರಿನಲ್ಲಿ ನಿಂತಾಗಲೇ ನನಗೆ ಗೊತ್ತಾಗಿತ್ತು. ಅವಳು ಬರಬೇಡಿರೆಂದು ಬರೆದದ್ದು ನನಗೆ ಅನುಕೂಲವೇ ಆಯಿತು. ಅದನ್ನು ತೋರಿಸಿ ಹೆಂಡತಿಯ ಬಾಯಿ ಮುಚ್ಚಿಸಿದೆ.

ನಿಮ್ಮನ್ನು ಬದುಕಿಸಲಿಕ್ಕೆ ಆಡಿದ ಆಟ ಎಂದು ಎಲ್ಲರೂ ಹೇಳಬಹುದು. ನೀವೂ ನಾಳೆ ಹಾಗೇ ಹೇಳಿ ನನ್ನನ್ನು ಬಿಟ್ಟುಬಿಡಬಹುದು. ಹಾಗೆ ಇರಲಿಲ್ಲ ಅಣ್ಣಾ. ಒಂದು ಮಾತು ಕೇಳಬೇಕಾಗಿತ್ತು, ಅದನ್ನು ಕೇಳಲು ನನಗೆ ಜೀವ ಬರಲಿಲ್ಲ. ಅದರ ಬದಲು ಚಿಪ್ಪು ಕೇಳಿದೆ. ಅದು ಮುಗಿದ ಮೇಲೆ ಇನ್ನೊಂದು ಚಿಪ್ಪು ಕೇಳಿದೆ. ಹೆದರಿಕೆಯಲ್ಲಿ ಇಲ್ಲದ ಬ್ಯಾಟರಿಯನ್ನೂ ಕೇಳಿದೆ. ನೀವು ಹೌದು ಅಂದುಬಿಟ್ಟರೆ ಮುಂದೆ ಏನು ಮಾತಾಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಲಗ್ನ ಆದ ಮೇಲೆ ಸಾಯಬೇಕೆಂದು ಮಾಡಿದ್ದೀರಾ?

ಇದನ್ನು ನಿಮ್ಮ ಕೈಯಲ್ಲಿ ಕೊಟ್ಟು ಎದುರಿಗೆ ಕೂಡುತ್ತೇನೆ. ನನಗೆ ಬಹಳ ಹೆದರಿಕೆಯಾಗಿದೆ. ಉತ್ತರ ಬರೆಯಬೇಡಿ, ಹೇಳಿ. ಕೇಳುವ ತನಕ ನಾನು ಏಳುವುದಿಲ್ಲ.

ನರಹರಿ